ಲ್ಯಾಬ್‌ಗೆ ಹತ್ತಿರವಿರುವ ಕಾಲೇಜನ್ನು ಹುಡುಕಿ

ಮತ ಹಾಕುವಾಗ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮೈಸೂರಿನದು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ತಯಾರಾಗುವುದು ಮೈಸೂರಿನಲ್ಲೇ, ನಿಜ. ಆದರೆ ಅದರ ಸೂತ್ರ ರೂಪುಗೊಂಡದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಪ್ರಯೋಗಾಲಯದ ಸೂತ್ರಕ್ಕೆ ಪರವಾನಗಿ ಬರೆದು ಕಾರ್ಖಾನೆಗೆ ದಾಟಿಸಿದ್ದು 1953ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿದ್ದ ಅರಗು ಮತ್ತು ಬಣ್ಣದ ಕಾರ್ಖಾನೆ ಅದನ್ನು ಕೈಗೆತ್ತಿಕೊಂಡಿತು. 1962ರ ಮಹಾಚುನಾವಣೆಯಿಂದ ಆ ಶಾಯಿ ದೇಶದ ಮತದಾರರ ಬೆರಳ ಮೇಲಿದೆ. ಹಾಗೆಯೇ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ರೂಪಿಸಿದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ. ಅದನ್ನು ಡಬ್ಬಿಯಲ್ಲಿ ತುಂಬಿ ಅಂಗಡಿಗೆ ತಂದದ್ದು ಗುಜರಾತಿನ ಅಮುಲ್.

ವಿಜ್ಞಾನಿಯ ಟಿಪ್ಪಣಿ ಪುಸ್ತಕದಿಂದ ಅಂಗಡಿಯ ಕಪಾಟಿಗೆ ಬರುವ ಈ ದಾರಿ ತಾನಾಗಿ ಆಗುವುದಿಲ್ಲ. ಯಾವ ಪ್ರಯೋಗಕ್ಕೆ ಹಣ ಕೊಡಬೇಕು, ಯಾವುದನ್ನು ಅರ್ಧದಲ್ಲೇ ನಿಲ್ಲಿಸಬೇಕು, ಪೇಟೆಂಟ್ ಅರ್ಜಿ ಯಾವಾಗ ಹಾಕಬೇಕು, ಯಾವ ಕಂಪನಿಗೆ ಎಷ್ಟು ರಾಯಲ್ಟಿಗೆ ಒಪ್ಪಿಸಬೇಕು, ಮುನಿಸಿಕೊಂಡ ವಿಜ್ಞಾನಿಯನ್ನೂ ಅವಸರದಲ್ಲಿರುವ ಮಾರಾಟ ವಿಭಾಗವನ್ನೂ ಒಂದೇ ಮೇಜಿಗೆ ಹೇಗೆ ಕರೆತರಬೇಕು ಎಂದು ಯಾರೋ ಕೂತು ಯೋಚಿಸಿರುತ್ತಾರೆ. ಆ ಕೆಲಸವನ್ನು ಕಲಿಸುವ ಶಾಸ್ತ್ರವೇ ಸಂಶೋಧನೆ ಮತ್ತು ಅಭಿವೃದ್ಧಿ ನಿರ್ವಹಣೆ, ಎಲ್ಲರ ಬಾಯಲ್ಲಿ ಆರ್ ಅಂಡ್ ಡಿ ಮ್ಯಾನೇಜ್‌ಮೆಂಟ್. ವಿಜ್ಞಾನವನ್ನೂ ಜನರನ್ನೂ ಸಮನಾಗಿ ಇಷ್ಟಪಡುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಸೊಗಸಾದ ವೃತ್ತಿ ಕಡಿಮೆ.

ಆದರೆ ಇದೇ ಹೆಸರಿನ ಪದವಿಯನ್ನು ಹುಡುಕುತ್ತ ಹೊರಟರೆ ನಿರಾಶೆಯಾಗುತ್ತದೆ. ನಮ್ಮ ದೇಶದಲ್ಲಿ ಈ ಹೆಸರಿನ ಕೋರ್ಸ್‌ಗಳು ತೀರಾ ವಿರಳ. ವಿಷಯ ಮಾತ್ರ ಟೆಕ್ನಾಲಜಿ ಮ್ಯಾನೇಜ್‌ಮೆಂಟ್, ಇನ್ನೊವೇಷನ್ ಮ್ಯಾನೇಜ್‌ಮೆಂಟ್, ವಿಜ್ಞಾನ ನೀತಿ ಎಂಬ ಬೇರೆ ಬೇರೆ ಹೆಸರುಗಳಲ್ಲಿ, ಕೆಲವು ಕಡೆ ಸಾದಾ ಎಂಬಿಎಯ ಒಂದೆರಡು ಐಚ್ಛಿಕ ಪತ್ರಿಕೆಗಳಲ್ಲಿ ಸೇರಿಕೊಂಡಿದೆ. ಹಾಗಾಗಿ ಕೋರ್ಸಿನ ಹೆಸರಿಗೆ ಮರುಳಾಗಬೇಡಿ. ಆ ಮ್ಯಾನೇಜ್‌ಮೆಂಟ್ ವಿಭಾಗ ಒಂದು ನಿಜವಾದ ಪ್ರಯೋಗಾಲಯಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಮೊದಲು ನೋಡಿ. ಹತ್ತಿರ ಎಂದರೆ ಅಕ್ಷರಶಃ ನಡೆದು ಹೋಗುವಷ್ಟು ಹತ್ತಿರ. ಅಮೆರಿಕದ ಎಂಐಟಿಯ ಥಾಮಸ್ ಅಲೆನ್ ಸಂಶೋಧನಾ ಕೇಂದ್ರಗಳ ಎಂಜಿನಿಯರ್‌ಗಳ ನಡುವಿನ ಮಾತುಕತೆಯನ್ನು ವರ್ಷಗಟ್ಟಲೆ ಅಳೆದು 1977ರಲ್ಲಿ ಒಂದು ಪುಸ್ತಕ ಬರೆದರು. ಇಬ್ಬರ ಮೇಜುಗಳ ನಡುವಿನ ಅಂತರ ಹೆಚ್ಚಿದಂತೆ ಕೆಲಸದ ಮಾತು ದಡದಡನೆ ಇಳಿಯುತ್ತದೆ, ಸುಮಾರು 50 ಮೀಟರ್ ದಾಟಿದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಈ ಕ್ಷೇತ್ರದಲ್ಲಿ ಅದಕ್ಕೆ ಅಲೆನ್ ರೇಖೆ ಎಂದೇ ಹೆಸರು. ವಿಜ್ಞಾನಿಗಳ ವಿಷಯದಲ್ಲಿ ನಿಜವಾದ ಈ ಮಾತು ಅವರನ್ನು ನಿರ್ವಹಿಸಲು ಕಲಿಯುವವರ ವಿಷಯದಲ್ಲೂ ನಿಜ.

ಮೊದಲು ಕೆಲಸದ ಮಾತು

ಕಾಲೇಜಿಗಿಂತ ಮೊದಲು ಕೆಲಸ ಎಲ್ಲಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಲ್ಲಿ ಮನೆಯವರಿಗೂ ಮಕ್ಕಳಿಗೂ ಒಂದು ದೊಡ್ಡ ತಪ್ಪು ಕಲ್ಪನೆಯಿದೆ. ಎಂಬಿಎ ಮಾಡಿದರೆ ಇಸ್ರೋದಲ್ಲೋ ಡಿಆರ್‌ಡಿಒದಲ್ಲೋ ಸಂಶೋಧನಾ ಯೋಜನೆ ನಡೆಸುವ ಹುದ್ದೆ ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. ಸಿಗುವುದಿಲ್ಲ. ನಮ್ಮ ಸರ್ಕಾರಿ ಪ್ರಯೋಗಾಲಯಗಳಲ್ಲಿ ಯೋಜನೆಯ ಮುಖ್ಯಸ್ಥರಾಗುವುದು ವಿಜ್ಞಾನಿಯಾಗಿ ಒಳಗೆ ಬಂದು ಮೇಲೇರಿದವರೇ. ಅವರಿಗೆ ನಿರ್ವಹಣೆಯ ತರಬೇತಿಯೂ ಒಳಗಿನಿಂದಲೇ ಸಿಗುತ್ತದೆ. ಡಿಆರ್‌ಡಿಒಗೆ ಅದಕ್ಕೆಂದೇ ಮಸ್ಸೂರಿಯಲ್ಲಿ ತನ್ನದೇ ಸಂಸ್ಥೆಯಿದೆ. 1972ರಿಂದ 1984ರವರೆಗೆ ಇಸ್ರೋ ಮುನ್ನಡೆಸಿದ, ಅದೇ ಕಾಲದ ಬಹುಭಾಗ ಬೆಂಗಳೂರಿನ ಐಐಎಸ್‌ಸಿ ನಿರ್ದೇಶಕರೂ ಆಗಿದ್ದ ಸತೀಶ್ ಧವನ್ ವೃತ್ತಿಯಿಂದ ಏರೋಸ್ಪೇಸ್ ಎಂಜಿನಿಯರ್. ಸರ್ಕಾರಿ ಸಂಶೋಧನೆಯೇ ನಿಮ್ಮ ಗುರಿಯಾದರೆ ಮ್ಯಾನೇಜ್‌ಮೆಂಟ್ ಕಾಲೇಜು ಹುಡುಕಬೇಡಿ. ಒಳ್ಳೆಯ ಎಂ.ಟೆಕ್ ಅಥವಾ ಪಿಎಚ್‌.ಡಿ ಹುಡುಕಿ.

ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದೇ ಕಡಿಮೆ. ಸರ್ಕಾರದ ಅಂಕಿಅಂಶದ ಪ್ರಕಾರ 2020–21ರಲ್ಲಿ ಅದು ಜಿಡಿಪಿಯ ಶೇ 0.64. ಅದರಲ್ಲೂ ಹೆಚ್ಚಿನ ಪಾಲು ಸರ್ಕಾರದ್ದೇ. ಹೀಗಿರುವಾಗ ಈ ವಿಷಯ ಓದಿದವರಿಗೆ ಕೆಲಸ ಕೊಡುವ ಜಾಗಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಅದೃಷ್ಟಕ್ಕೆ ಅವುಗಳಲ್ಲಿ ಅನೇಕವು ಬೆಂಗಳೂರಿನಲ್ಲೇ ಇವೆ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಾಲಿಟ್ಟಂದಿನಿಂದ ವಿದೇಶಿ ಕಂಪನಿಗಳ ಸಂಶೋಧನಾ ಕೇಂದ್ರಗಳು ಬೆಳೆಯುತ್ತಲೇ ಬಂದಿವೆ. 1996ರಲ್ಲಿ ಮರ್ಸಿಡಿಸ್ ಬೆಂಜ್, 2000ದಲ್ಲಿ ಜಿಇ ಬಂದವು. ಅಲ್ಲಿ ಪ್ರೋಗ್ರಾಂ ಮ್ಯಾನೇಜರ್, ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಗಳಿವೆ. ಬಯೊಕಾನ್, ಸಿಂಜೀನ್‌ನಂಥ ಕಂಪನಿಗಳಲ್ಲಿ ಯೋಜನಾ ನಿರ್ವಹಣೆ ಮತ್ತು ರೆಗ್ಯುಲೇಟರಿ ವಿಭಾಗಗಳಿವೆ. ಜಿಕೆವಿಕೆ ಆವರಣದ ಸಿ–ಕ್ಯಾಂಪ್‌ನಂಥ ಇನ್‌ಕ್ಯುಬೇಟರ್‌ಗಳು, ಐಐಎಸ್‌ಸಿಯ ಪೇಟೆಂಟ್ ಮತ್ತು ತಂತ್ರಜ್ಞಾನ ಪರವಾನಗಿ ಕಚೇರಿ, ಎನ್‌ಸಿಬಿಎಸ್‌ನ ಸಂಶೋಧನಾ ಅಭಿವೃದ್ಧಿ ಕಚೇರಿ ಇವೆಲ್ಲ ಇತ್ತೀಚಿನ ವರ್ಷಗಳಲ್ಲಿ ತೆರೆದುಕೊಂಡ ಬಾಗಿಲುಗಳು. ಅನುದಾನದ ಅರ್ಜಿ ಬರೆಯಲು ವಿಜ್ಞಾನಿಗಳಿಗೆ ನೆರವಾಗುವುದೇ ಒಂದು ಪೂರ್ಣಾವಧಿ ವೃತ್ತಿ ಎಂದು ನಮ್ಮ ಪದವಿ ಕಾಲೇಜುಗಳಲ್ಲಿ ಇನ್ನೂ ಯಾರೂ ಮಕ್ಕಳಿಗೆ ಹೇಳುತ್ತಿಲ್ಲ. ಹೇಳಬೇಕು.

ಈ ಎಲ್ಲ ಕಡೆ ಕೇಳುವ ಮೊದಲ ಪ್ರಶ್ನೆ ಒಂದೇ: ನೀವು ಸ್ವತಃ ಲ್ಯಾಬ್‌ನಲ್ಲೋ ವಿನ್ಯಾಸ ತಂಡದಲ್ಲೋ ಕೆಲಸ ಮಾಡಿದ್ದೀರಾ? ಪ್ರಯೋಗ ಕೈಕೊಟ್ಟಾಗಿನ ಸಂಕಟ ಗೊತ್ತಿಲ್ಲದವರ ಮಾತನ್ನು ಯಾವ ವಿಜ್ಞಾನಿಯೂ ಕೇಳುವುದಿಲ್ಲ. ಹಾಗಾಗಿ ಬಿಇ ಅಥವಾ ಎಂಎಸ್ಸಿ ಮುಗಿದ ಬೇಸಿಗೆಯಲ್ಲೇ ಎಂಬಿಎಗೆ ಸೇರಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಎರಡು ಮೂರು ವರ್ಷ ಕೆಲಸ ಮಾಡಿ. ಕಂಪನಿಯ ಒಳಗಿನ ಸಂಶೋಧನಾ ಘಟಕಗಳಿಗೆ ಕೇಂದ್ರದ ಡಿಎಸ್‌ಐಆರ್ ಇಲಾಖೆ ಮಾನ್ಯತೆ ಕೊಡುತ್ತದೆ. ಆ ಮಾನ್ಯತೆ ಇರುವ ಕಂಪನಿಯಲ್ಲಿ ಸಣ್ಣ ಕೆಲಸ ಸಿಕ್ಕರೂ ಅದು ದೊಡ್ಡ ಹೆಸರಿನ ಕಂಪನಿಯ ಸಪೋರ್ಟ್ ಡೆಸ್ಕ್‌ಗಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಲ್ಲಿ ಓದಬಹುದು

ಕರ್ನಾಟಕದ ಎಂಜಿನಿಯರಿಂಗ್ ಪದವೀಧರರಿಗೆ ನಾನು ಮೊದಲು ಹೇಳುವ ಹೆಸರು ಐಐಎಸ್‌ಸಿಯ ಮ್ಯಾನೇಜ್‌ಮೆಂಟ್ ಸ್ಟಡೀಸ್ ವಿಭಾಗ. ಅಲ್ಲಿನ ಮಾಸ್ಟರ್ ಆಫ್ ಮ್ಯಾನೇಜ್‌ಮೆಂಟ್ ಎರಡು ವರ್ಷದ ಪದವಿ. ಕ್ಯಾಟ್, ಗೇಟ್, ಜಿಮ್ಯಾಟ್ ಅಂಕಗಳ ಮೇಲೆ ಸಂದರ್ಶನಕ್ಕೆ ಕರೆಯುತ್ತಾರೆ. ಗೇಟ್ ಬರೆದವರೂ ಮ್ಯಾನೇಜ್‌ಮೆಂಟ್ ಓದಬಹುದು ಎಂಬುದು ಬಹಳ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತಿಳಿದಿಲ್ಲ. ತಂಡ ಚಿಕ್ಕದು, ಗಣಿತ ಜಾಸ್ತಿ. ಸುತ್ತ ನೋಡಿದರೆ 1909ರಲ್ಲಿ ಸ್ಥಾಪನೆಯಾದ ಸಂಸ್ಥೆಯ ಪ್ರಯೋಗಾಲಯಗಳು, ವಿಜ್ಞಾನ ನೀತಿಯ ಅಧ್ಯಯನಕ್ಕೆ ಕೇಂದ್ರ ಸರ್ಕಾರದ ನೆರವಿನಿಂದ ನಡೆಯುವ ಕೇಂದ್ರ, ನವೋದ್ಯಮಗಳು, ಎಲ್ಲವೂ ಒಂದೇ ಆವರಣದಲ್ಲಿವೆ. ಹತ್ತಿರದ ಲೆಕ್ಕದಲ್ಲಿ ಇದನ್ನು ಮೀರಿಸುವ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ.

ಈಗಾಗಲೇ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು ಕೆಲಸ ಬಿಡದೆ ಓದಲು ಐಐಎಂ ಬೆಂಗಳೂರಿನ ವಾರಾಂತ್ಯದ ಪಿಜಿಪಿಇಎಂ ಇದೆ. ಅಲ್ಲಿ ಲ್ಯಾಬ್ ಇಲ್ಲ. ಆದರೆ ನಿಮ್ಮ ಪಕ್ಕ ಕೂರುವವರು ಬೇರೆ ಬೇರೆ ಕಂಪನಿಗಳ ಎಂಜಿನಿಯರ್‌ಗಳೇ ಆಗಿರುತ್ತಾರೆ, ಜೊತೆಗೆ ಎನ್‌ಎಸ್‌ಆರ್‌ಸಿಇಎಲ್ ಎಂಬ ನವೋದ್ಯಮ ಕೇಂದ್ರವಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ಎಂಬಿಎ ಇದೆ. ಎಂಜಿನಿಯರಿಂಗ್ ವಿಭಾಗಗಳ ನಡುವೆಯೇ ಇರುವುದರಿಂದ ಕರಾವಳಿಯವರು ಅದನ್ನು ಖಂಡಿತ ಪರಿಶೀಲಿಸಬೇಕು.

ಇನ್ನು ಕೆಇಎ ನಡೆಸುವ ಪಿಜಿಸಿಇಟಿ ಮೂಲಕ ಸಿಗುವ ಎಂಬಿಎ ಸೀಟುಗಳು. ಹೆಚ್ಚಿನ ಮಕ್ಕಳು ಹೋಗುವುದು ಇಲ್ಲಿಗೇ, ಆದ್ದರಿಂದ ಹೆಚ್ಚು ಎಚ್ಚರವೂ ಇಲ್ಲೇ ಬೇಕು. ವಿಟಿಯುಗೆ ಸೇರಿದ ಅನೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಂಬಿಎ ವಿಭಾಗವೂ ಸಂಶೋಧನಾ ಕೇಂದ್ರವೂ ಒಂದೇ ಕಾಂಪೌಂಡಿನಲ್ಲಿರುತ್ತವೆ. ಆದರೆ ಎರಡು ವರ್ಷ ಓದಿದರೂ ಎಂಬಿಎ ವಿದ್ಯಾರ್ಥಿ ಆ ಸಂಶೋಧನಾ ಕೇಂದ್ರದ ಬಾಗಿಲು ದಾಟದಿರುವುದು ಸಾಮಾನ್ಯ. ಕಾಲೇಜಿಗೆ ಹೋದಾಗ ಪ್ರಾಂಶುಪಾಲರನ್ನು ಭೇಟಿಯಾಗಿ ಸುಮ್ಮನೆ ಬರಬೇಡಿ. ಎಂಬಿಎ ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಅನ್ನು ಇಲ್ಲಿಯ ಎಂಜಿನಿಯರಿಂಗ್ ಲ್ಯಾಬ್‌ನ ಜೊತೆ ಮಾಡಲು ಬಿಡುತ್ತೀರಾ ಎಂದು ಮೇಷ್ಟ್ರನ್ನೇ ಕೇಳಿ. ಹಿಂದೆ ಮಾಡಿದವರ ಪ್ರಾಜೆಕ್ಟ್ ವರದಿ ತೋರಿಸಿದರೆ ಆ ಕಾಲೇಜನ್ನು ಪಟ್ಟಿಯಲ್ಲಿಡಿ. ಬರೀ ಮಾತಿನ ಭರವಸೆ ಸಿಕ್ಕರೆ ಮುಂದಕ್ಕೆ ಹೋಗಿ.

ರಾಜ್ಯದ ಹೊರಗೆ ಹೋಗುವವರಿಗೆ ಐಐಟಿಗಳ ಮ್ಯಾನೇಜ್‌ಮೆಂಟ್ ವಿಭಾಗಗಳು ಸಹಜ ಆಯ್ಕೆ. ಪ್ರವೇಶ ಮುಖ್ಯವಾಗಿ ಕ್ಯಾಟ್ ಮೂಲಕ. ಖರಗ್‌ಪುರದ ವಿನೋದ್ ಗುಪ್ತಾ ಸ್ಕೂಲ್ 1993ರಲ್ಲಿ, ಬಾಂಬೆಯ ಶೈಲೇಶ್ ಮೆಹ್ತಾ ಸ್ಕೂಲ್ 1995ರಲ್ಲಿ ಶುರುವಾದವು. ಆದರೆ ನನ್ನ ಒಲವು ಐಐಟಿ ಮದ್ರಾಸ್ ಕಡೆಗೆ. ಅಲ್ಲಿನ ರಿಸರ್ಚ್ ಪಾರ್ಕ್‌ನಲ್ಲಿ ಕಂಪನಿಗಳು ತಮ್ಮ ಸಂಶೋಧನಾ ಘಟಕಗಳನ್ನು ತಂದಿಟ್ಟು ಪ್ರಾಧ್ಯಾಪಕರ ಜೊತೆ ಕೆಲಸ ಮಾಡುತ್ತವೆ. ಸಂಶೋಧನೆಯೂ ಉದ್ಯಮವೂ ಮುಖಾಮುಖಿಯಾಗುವುದನ್ನು ವಿದ್ಯಾರ್ಥಿ ದಿನವೂ ಕಾಣಬಹುದು. ಕಾರ್ಖಾನೆ, ಉತ್ಪಾದನೆಯ ಕಡೆ ಮನಸ್ಸಿದ್ದವರಿಗೆ ಹಿಂದೆ ನೀಟಿ ಎಂದು ಹೆಸರಾಗಿದ್ದ, 2023ರಲ್ಲಿ ಐಐಎಂ ಮುಂಬೈ ಆದ ಸಂಸ್ಥೆ ಸೂಕ್ತ.

ಎಂಜಿನಿಯರಿಂಗ್ ಓದದವರು ಬಾಗಿಲು ಮುಚ್ಚಿತು ಎಂದುಕೊಳ್ಳಬೇಕಿಲ್ಲ. ಬಿ.ಫಾರ್ಮ ಮಾಡಿದವರಿಗೆ ಮೊಹಾಲಿಯ ನೈಪರ್‌ನಲ್ಲಿ ಔಷಧ ಉದ್ಯಮಕ್ಕೆಂದೇ ರೂಪಿಸಿದ ಎಂಬಿಎ ಇದೆ. ಧಾರವಾಡ, ರಾಯಚೂರು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬಿ.ಎಸ್ಸಿ ಕೃಷಿ ಓದಿದವರು ಹೈದರಾಬಾದಿನ ನಾರ್ಮ್ ಕಡೆ ನೋಡಬೇಕು. ಕೃಷಿ ಸಂಶೋಧನೆಯ ನಿರ್ವಹಣೆ ಎಂಬುದನ್ನು ಹೆಸರಿನಲ್ಲೇ ಇಟ್ಟುಕೊಂಡ, 1976ರಲ್ಲಿ ಆರಂಭವಾದ ಐಸಿಎಆರ್ ಸಂಸ್ಥೆ ಅದು. ಅಲ್ಲಿ ಕೃಷಿ ವ್ಯವಹಾರ ನಿರ್ವಹಣೆಯ ಪಿಜಿಡಿಎಂ ಇದೆ. ಪೇಟೆಂಟ್ ಕಾನೂನಿನತ್ತ ಒಲವಿರುವ ಎಂಜಿನಿಯರ್‌ಗಳಿಗೆ ಐಐಟಿ ಖರಗ್‌ಪುರದ ರಾಜೀವ್ ಗಾಂಧಿ ಬೌದ್ಧಿಕ ಆಸ್ತಿ ಕಾನೂನು ಶಾಲೆಯಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಅಷ್ಟು ಸಮಯವಿಲ್ಲದವರು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನ ದೂರಶಿಕ್ಷಣದ ಬೌದ್ಧಿಕ ಆಸ್ತಿ ಡಿಪ್ಲೊಮಾ ಮಾಡಬಹುದು. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವೀಧರರು ಕಾನೂನು ಪದವಿ ಇಲ್ಲದೆಯೂ ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು ಎಂಬುದನ್ನೂ ನೆನಪಿಡಿ. ಮದುವೆ, ಬಾಣಂತನದ ಕಾರಣಕ್ಕೆ ವಿಜ್ಞಾನದ ಕೆಲಸ ಬಿಟ್ಟ ಹೆಣ್ಣುಮಕ್ಕಳಿಗೆ ಪೇಟೆಂಟ್ ಕ್ಷೇತ್ರದಲ್ಲಿ ಸ್ಟೈಪೆಂಡ್ ಸಹಿತ ತರಬೇತಿ ಕೊಡುವ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯೂ ಇದೆ. ಅದರಿಂದ ಮತ್ತೆ ವೃತ್ತಿಗೆ ಬಂದವರು ಬಹಳ ಮಂದಿ. ಮನೆಯಲ್ಲಿ ಅಂಥ ಅಕ್ಕನೋ ಅತ್ತಿಗೆಯೋ ಇದ್ದರೆ ಮೊದಲು ಅವರಿಗೆ ಈ ವಿಷಯ ತಿಳಿಸಿ.

ಪೇಟೆಂಟ್ ಲೆಕ್ಕವನ್ನು ಓದುವುದು ಹೇಗೆ

ಈಗ ಪ್ರತಿಯೊಂದು ಕಾಲೇಜಿನ ಬ್ರೋಷರ್‌ನಲ್ಲೂ ಪೇಟೆಂಟ್‌ಗಳ ಸಂಖ್ಯೆ ರಾರಾಜಿಸುತ್ತದೆ. ಸಂಶೋಧನಾ ನಿರ್ವಹಣೆ ಓದಬೇಕೆನ್ನುವವರು ಈ ಸಂಖ್ಯೆಯನ್ನು ನೋಡಿ ಮಾರುಹೋಗುವುದು ಸಹಜ. ಸ್ವಲ್ಪ ನಿಲ್ಲಿ. ಪೇಟೆಂಟ್‌ಗೆ ಅರ್ಜಿ ಹಾಕಿದ 18 ತಿಂಗಳಿಗೆ ಅದು ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ತಾನಾಗಿ ಪ್ರಕಟವಾಗುತ್ತದೆ. ಫಾರ್ಮ್ 9 ಕೊಟ್ಟು ಶುಲ್ಕ ಕಟ್ಟಿದರೆ ಇನ್ನೂ ಬೇಗ ಪ್ರಕಟವಾಗುತ್ತದೆ. ಪ್ರಕಟವಾಯಿತು ಎಂದರೆ ಅರ್ಜಿ ಹಾಕಿದ್ದಾರೆ ಎಂದಷ್ಟೇ ಅರ್ಥ. ಅದರಲ್ಲಿ ಹೊಸತನ ಇದೆಯೋ ಇಲ್ಲವೋ ಎಂದು ಯಾರೂ ಆಗ ಪರೀಕ್ಷಿಸಿರುವುದಿಲ್ಲ. ಪರೀಕ್ಷೆಗೆ ಫಾರ್ಮ್ 18ರಲ್ಲಿ ಬೇರೆಯೇ ಕೋರಿಕೆ ಸಲ್ಲಿಸಬೇಕು. ಪರೀಕ್ಷಕರ ಆಕ್ಷೇಪಗಳಿಗೆ ಉತ್ತರಿಸಿ ಗೆದ್ದರೆ ಮಾತ್ರ ಪೇಟೆಂಟ್ ಮಂಜೂರಾಗುತ್ತದೆ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕವನ್ನು ಶೇ 80ರಷ್ಟು ಇಳಿಸಲಾಯಿತು. ಅದು ಒಳ್ಳೆಯ ಉದ್ದೇಶದ ಕ್ರಮವೇ. ಆದರೆ ಅರ್ಜಿ ಹಾಕುವುದು ಅಗ್ಗವಾದ ಮೇಲೆ ಬರೀ ಅರ್ಜಿಗಳ ಸಂಖ್ಯೆ ಕಾಲೇಜಿನ ಗುಣಮಟ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಇನ್ನು ಕೆಲವು ಕಾಲೇಜುಗಳು ವಸ್ತುವಿನ ಹೊರರೂಪಕ್ಕೆ ಸಿಗುವ ಡಿಸೈನ್ ನೋಂದಣಿಯನ್ನೂ ಪೇಟೆಂಟ್ ಎಂದೇ ತೋರಿಸುತ್ತವೆ. ಅದರ ಕಾನೂನೇ ಬೇರೆ.

ಇದನ್ನೆಲ್ಲ ನೀವೇ ಪರಿಶೀಲಿಸಬಹುದು. ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್ ಎಂಬ ಜಾಲತಾಣದ ಹುಡುಕಾಟ ಉಚಿತ. ಅರ್ಜಿದಾರರ ಜಾಗದಲ್ಲಿ ಕಾಲೇಜಿನ ಹೆಸರು ಹಾಕಿ. ಪ್ರಕಟವಾದವು ಎಷ್ಟು, ಮಂಜೂರಾದವು ಎಷ್ಟು ಎಂದು ಬೇರೆ ಬೇರೆಯಾಗಿ ನೋಡಿ. ಮಂಜೂರಾದ ಪೇಟೆಂಟ್‌ಗೆ 20 ವರ್ಷದ ಆಯುಸ್ಸು, ಆದರೆ ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟುತ್ತಿರಬೇಕು. ಕಟ್ಟದೆ ಬಿಟ್ಟಿದ್ದರೆ ಆ ಪೇಟೆಂಟ್ ಯಾರಿಗೂ ಬೇಡವಾಗಿತ್ತು ಎಂದು ತಿಳಿಯಿರಿ. ಆಮೇಲೆ ಕಾಲೇಜಿಗೆ ಹೋದಾಗ, ಇವುಗಳಲ್ಲಿ ಯಾವುದನ್ನಾದರೂ ಕಂಪನಿಗೆ ಪರವಾನಗಿಗೆ ಕೊಟ್ಟಿದ್ದೀರಾ ಎಂದು ಕೇಳಿ. ಪರವಾನಗಿಗೆ ಹೋದ ಒಂದೇ ಒಂದು ಪೇಟೆಂಟ್ ಇದ್ದರೂ, ಒಪ್ಪಂದ ಬರೆದು ಬೆಲೆ ಮಾತಾಡಿ ತಂತ್ರಜ್ಞಾನ ದಾಟಿಸಿದ ಅನುಭವಿಯೊಬ್ಬರು ಆ ಆವರಣದಲ್ಲಿದ್ದಾರೆ. ನೀವು ಕಲಿಯಬೇಕಾದದ್ದು ಅವರಿಂದಲೇ.

ಎರಡನೆಯ ಸಾಧನ ಎನ್‌ಐಆರ್‌ಎಫ್. 2016ರಿಂದ ಬರುತ್ತಿರುವ ಈ ರ‍್ಯಾಂಕಿಂಗ್‌ನಲ್ಲಿ ಎಲ್ಲರೂ ಸ್ಥಾನ ನೋಡಿ ಪುಟ ಮುಚ್ಚುತ್ತಾರೆ. ನಿಜವಾದ ಮಾಹಿತಿ ಇರುವುದು ಪ್ರತಿ ಸಂಸ್ಥೆ ಸಲ್ಲಿಸಿದ ದತ್ತಾಂಶದ ಪಿಡಿಎಫ್‌ನಲ್ಲಿ. ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳದ ಮಧ್ಯಮ ಮೊತ್ತ ಎಷ್ಟು, ಹೊರಗಿನವರು ಪ್ರಾಯೋಜಿಸಿದ ಸಂಶೋಧನೆಯಿಂದ, ಕನ್ಸಲ್ಟೆನ್ಸಿಯಿಂದ ಎಷ್ಟು ಹಣ ಬಂತು ಎಲ್ಲವೂ ಅಲ್ಲಿರುತ್ತದೆ. ಕಾಲೇಜೇ ಕೊಟ್ಟ ಅಂಕಿ ಎಂಬುದು ನೆನಪಿರಲಿ. ಆದರೂ ಬ್ರೋಷರ್‌ಗಿಂತ ನೂರು ಪಾಲು ಮೇಲು. ಜಾಹೀರಾತಿನ ಅತಿ ಹೆಚ್ಚು ಸಂಬಳ ಒಬ್ಬ ವಿದ್ಯಾರ್ಥಿಯದ್ದು. ಮಧ್ಯಮ ಮೊತ್ತ ಹೇಳುವುದು ಅರ್ಧ ತರಗತಿಯ ಕಥೆ. ಪ್ರಾಯೋಜಿತ ಸಂಶೋಧನೆಯ ಮೊತ್ತಕ್ಕೆ ಅದೇ ಸಂಸ್ಥೆಯ ಎಂಜಿನಿಯರಿಂಗ್ ವಿಭಾಗದ ಪಿಡಿಎಫ್ ತೆರೆಯಿರಿ. ಅಲ್ಲಿ ಹೊರಗಿನ ಹಣ ಬರುತ್ತಿಲ್ಲ ಎಂದಾದರೆ ನಿರ್ವಹಿಸಲು ಅಲ್ಲಿ ಸಂಶೋಧನೆಯೇ ಇಲ್ಲ.

ಪ್ಲೇಸ್‌ಮೆಂಟ್ ಪಟ್ಟಿಯನ್ನು ನೋಡುವಾಗ ಕಂಪನಿಯ ಹೆಸರಿಗಿಂತ ಹುದ್ದೆಯನ್ನು ನೋಡಿ. ದೊಡ್ಡ ಔಷಧ ಕಂಪನಿಯ ಹೆಸರಿದ್ದು, ಹುದ್ದೆ ಮಾರಾಟದ್ದಾಗಿದ್ದರೆ ನಿಮ್ಮ ದಾರಿ ಅದಲ್ಲ. ಅಧ್ಯಾಪಕರ ಬಯೊಡೇಟಾ ಓದಿ. ಪೂರ್ಣಾವಧಿ ಅಧ್ಯಾಪಕರಲ್ಲಿ ಉದ್ಯಮದ ಸಂಶೋಧನಾ ವಿಭಾಗದಲ್ಲಿ ಕೆಲಸ ಮಾಡಿದವರು ಒಬ್ಬರಾದರೂ ಇದ್ದಾರೆಯೇ? ಪಠ್ಯಕ್ರಮದಲ್ಲಿ ಯೋಜನೆಗಳ ಆಯ್ಕೆ, ಬೌದ್ಧಿಕ ಆಸ್ತಿ, ತಂತ್ರಜ್ಞಾನ ವರ್ಗಾವಣೆ, ತಂತ್ರಜ್ಞಾನ ಬಳಕೆಗೆ ಎಷ್ಟು ಸಿದ್ಧವಾಗಿದೆ ಎಂದು ಹೇಳುವ, ನಾಸಾದಿಂದ ಬಂದ ಒಂಬತ್ತು ಹಂತದ ಟಿಆರ್‌ಎಲ್ ಅಳತೆ ಇವುಗಳ ಪಾಠ ಇದೆಯೇ? ಇಷ್ಟಿದ್ದರೆ ಕೋರ್ಸಿನ ಹೆಸರು ಏನಿದ್ದರೂ ನಡೆಯುತ್ತದೆ.

ಮಾನ್ಯತೆ, ಸಾಲ, ವಿದೇಶ

ಎಂಬಿಎ ಎಂಬ ಪದವಿ ಕೊಡುವ ಅಧಿಕಾರ ಇರುವುದು ವಿಶ್ವವಿದ್ಯಾಲಯಗಳಿಗೆ ಮತ್ತು ಕಾನೂನಿನ ಮೂಲಕ ಆ ಅಧಿಕಾರ ಪಡೆದ ಸಂಸ್ಥೆಗಳಿಗೆ. ಐಐಎಂಗಳಿಗೆ ಆ ಅಧಿಕಾರ ಬಂದದ್ದು 2017ರ ಕಾಯ್ದೆಯಿಂದ. ಸ್ವತಂತ್ರ ಸಂಸ್ಥೆಗಳು ಕೊಡುವುದು ಪಿಜಿಡಿಎಂ. ಅದಕ್ಕೆ ಎಐಸಿಟಿಇ ಅನುಮೋದನೆ ಇರಬೇಕು. ಮುಂದೆ ಪಿಎಚ್‌.ಡಿ ಅಥವಾ ಸರ್ಕಾರಿ ಕೆಲಸದ ಯೋಚನೆಯಿದ್ದರೆ ವಿಶ್ವವಿದ್ಯಾಲಯಗಳ ಸಂಘವಾದ ಎಐಯು ಅದನ್ನು ಎಂಬಿಎಗೆ ಸಮಾನವೆಂದು ಒಪ್ಪಿದೆಯೇ ಎಂದೂ ನೋಡಿಕೊಳ್ಳಿ. ಆನ್‌ಲೈನ್ ಕೋರ್ಸಾದರೆ ಯುಜಿಸಿಯ ದೂರಶಿಕ್ಷಣ ಬ್ಯೂರೊ ಪಟ್ಟಿಯಲ್ಲಿ ಹೆಸರಿರಬೇಕು. ಸೀಟಿಗೆ ಮುಂಗಡ ಕಟ್ಟುವ ಮೊದಲೇ ಇದೆಲ್ಲ ಆಗಬೇಕು.

ಹಣದ ವಿಷಯಕ್ಕೆ, 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿದ್ದು ಬೇರೆ ಸರ್ಕಾರಿ ನೆರವು ಪಡೆಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿಯೂ ಇದೆ. ನೀವು ಆರಿಸಿದ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದೂ ಆಯ್ಕೆಯ ಒಂದು ಮಾನದಂಡವಾಗಲಿ.

ವಿದೇಶಕ್ಕೆ ಹೋಗುವವರಿಗೆ ಈ ವಿಷಯದ ತವರು ಎನ್ನಬಹುದಾದ ಜಾಗ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸ್ಪ್ರೂ. ಅರ್ಥಶಾಸ್ತ್ರಜ್ಞ ಕ್ರಿಸ್ಟೊಫರ್ ಫ್ರೀಮನ್ 1966ರಲ್ಲಿ ಕಟ್ಟಿದ ಸಂಸ್ಥೆ ಅದು. ನೀತಿ ಮತ್ತು ಸಿದ್ಧಾಂತದತ್ತ ಒಲವಿದ್ದವರಿಗೆ ಅದು ಹೊಂದುತ್ತದೆ. ಎಂಜಿನಿಯರಿಂಗ್ ಹಿನ್ನೆಲೆಯವರಿಗೆ ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಎರಡು ವರ್ಷದ ಮ್ಯಾನೇಜ್‌ಮೆಂಟ್ ಆಫ್ ಟೆಕ್ನಾಲಜಿ ಹೆಚ್ಚು ಸೂಕ್ತ. ಕೆಲಸದ ಅನುಭವವೇ ಇಲ್ಲದೆ, ಸಾಲದ ಮೇಲೆ, ಬ್ರಿಟನ್ನಿನ ಒಂದು ವರ್ಷದ ಕೋರ್ಸಿಗೆ ಓಡುವುದನ್ನು ನಾನು ಒಪ್ಪುವುದಿಲ್ಲ. ಅಷ್ಟು ಚಿಕ್ಕ ಅವಧಿಯಲ್ಲಿ ಲ್ಯಾಬ್ ಪರಿಚಯವಾಗುವ ಹೊತ್ತಿಗೆ ವಾಪಸ್ ಹೊರಡುವ ದಿನ ಬಂದಿರುತ್ತದೆ.

ಕ್ಯಾಟ್ ನಡೆಯುವುದು ನವೆಂಬರ್ ಕೊನೆಯಲ್ಲಿ, ಗೇಟ್ ಫೆಬ್ರುವರಿಯಲ್ಲಿ. ಎರಡಕ್ಕೂ ಅರ್ಜಿ ಕರೆಯುವುದು ಮಳೆಗಾಲದಲ್ಲೇ. ಅರ್ಜಿ ಹಾಕುವ ಮೊದಲು ಮೂರು ಕಾಲೇಜುಗಳ ಹೆಸರು ಬರೆದುಕೊಳ್ಳಿ, ಪ್ರತಿಯೊಂದರಲ್ಲೂ ಓದಿ ಈಗ ಕೆಲಸದಲ್ಲಿರುವ ಇಬ್ಬರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮಾತಾಡಿ. ನಿಮ್ಮ ಈಗಿನ ಕೆಲಸದಲ್ಲಿ ಲ್ಯಾಬ್‌ಗೂ ನಿಮಗೂ ಸಂಬಂಧವಿದೆಯೇ ಎಂದು ಅವರನ್ನು ಕೇಳಿ. ಆರು ಜನರಲ್ಲಿ ಒಬ್ಬರೂ ಹೌದೆನ್ನದಿದ್ದರೆ ಪಟ್ಟಿ ಬದಲಿಸಿ.